6 ರೌಂಡು, 11 ವಾರ, ಆಮೇಲೆ ಮೌನ: ಬಂಗಾರಪೇಟೆಯಿಂದ ವೈಟ್‌ಫೀಲ್ಡ್‌ಗೆ ಇಂಟರ್‌ವ್ಯೂ

ಬಂಗಾರಪೇಟೆ_ಲೋಕಲ್
ಸೋಮವಾರ, ರಾತ್ರಿ 9:50

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬಿಡುವಾದಾಗ ಓದಿ. ನಾನು ಬಂಗಾರಪೇಟೆ ಹತ್ರ ಒಂದು ಹಳ್ಳಿಯವನು, ಬೆಂಗಳೂರಲ್ಲಿ ಒಂದು ಸರ್ವೀಸ್ ಕಂಪನೀಲಿ 4 ವರ್ಷದಿಂದ ಜಾವಾ ಬ್ಯಾಕೆಂಡ್ ಕೆಲಸ ಮಾಡ್ತಿದೀನಿ, ವಾರಕ್ಕೆ 3 ದಿನ ಆಫೀಸು, ಮನೆಯಿಂದಾನೇ ಟ್ರೈನಲ್ಲಿ ಹೋಗಿ ಬರ್ತೀನಿ. ಈ ವರ್ಷ ಸ್ವಂತ ಸಾಫ್ಟ್‌ವೇರ್ ಮಾಡಿ ಮಾರೋ ಪ್ರಾಡಕ್ಟ್ ಕಂಪನಿಗೆ ಹೋಗ್ಲೇಬೇಕು ಅಂತ ಮನಸಲ್ಲಿತ್ತು. ವೈಟ್‌ಫೀಲ್ಡ್ ಕಡೆ ಒಂದು ಕಂಪನಿಯಿಂದ ಫೋನ್ ಬಂತು, ಹೆಸರು ಬೇಡ.

ರಿಕ್ರೂಟರ್ ಫೋನ್ ಮಾಡಿದಾಗ ನಾನು ಪ್ಲಾಟ್‌ಫಾರ್ಮ್ ಮೇಲೆ ನಿಂತಿದ್ದೆ. ಈಗಿನ ಸಿಟಿಸಿ (ವರ್ಷದ ಒಟ್ಟು ಪ್ಯಾಕೇಜು) ಎಷ್ಟು, ಎಷ್ಟು ನಿರೀಕ್ಷೆ, ನೋಟಿಸ್ ಪೀರಿಯಡ್ ಎಷ್ಟು, ಇಷ್ಟೇ ಕೇಳಿದ್ರು. 90 ದಿನ ಅಂದೆ. ಪರವಾಗಿಲ್ಲ ಅಂದ್ರು. ಮುಂದಿನ ವಾರ ಆನ್‌ಲೈನ್ ಟೆಸ್ಟು, 90 ನಿಮಿಷ, 3 ಪ್ರಶ್ನೆ, ಕ್ಯಾಮೆರಾ ಆನ್ ಇರ್ಬೇಕು, ಬೇರೆ ಟ್ಯಾಬ್‌ಗೆ ಹೋಗಂಗಿಲ್ಲ. ಶುರುವಾಗಿ 20 ನಿಮಿಷಕ್ಕೆ ಊರಲ್ಲಿ ಕರೆಂಟ್ ಹೋಯ್ತು. ರೂಟರ್‌ಗೆ ಚಿಕ್ಕ ಯುಪಿಎಸ್ ಹಾಕಿದ್ದೆ ಅದಕ್ಕೆ ನೆಟ್ ಉಳೀತು, ಲ್ಯಾಪ್‌ಟಾಪ್ ಬ್ಯಾಟರಿ ಹಳೇದು, ಸ್ಕ್ರೀನ್ ಬೆಳಕು ಪೂರ್ತಿ ಇಳಿಸಿ ಕತ್ತಲೇಲಿ ಕೂತು ಎರಡು ಪೂರ್ತಿ ಮಾಡಿ ಮೂರನೇದು ಅರ್ಧಕ್ಕೆ ಸಬ್ಮಿಟ್ ಕೊಟ್ಟೆ. ಪಾಸಾಯ್ತು. ಅವತ್ತಿಂದ ಎಲ್ಲಾ ಆನ್‌ಲೈನ್ ರೌಂಡೂ ಬಂಗಾರಪೇಟೇಲಿ ಚಿಕ್ಕಪ್ಪನ ಮನೇಲಿ ಕೂತು ಕೊಟ್ಟೆ, ಅಲ್ಲಿ ಇನ್ವರ್ಟರ್ ಇದೆ. ಚಿಕ್ಕಮ್ಮ ಪ್ರತಿ ಸಲ ಕುಕ್ಕರ್ ಇಡೋದನ್ನೂ ನಿಲ್ಲಿಸಿ ಕಾಯ್ತಿದ್ರು, ಸೀಟಿ ಸದ್ದು ಕೇಳಿಸುತ್ತೆ ಅಂತ.

ಮೊದಲ ಟೆಕ್ನಿಕಲ್ ರೌಂಡಲ್ಲಿ ಕೇಳಿದ್ದು, ಇಷ್ಟು ಮೀಟಿಂಗ್ ಇದಾವೆ, ಶುರುವಾಗೋ ಟೈಮು ಮುಗಿಯೋ ಟೈಮು ಕೊಟ್ಟಿದೀವಿ, ಕನಿಷ್ಠ ಎಷ್ಟು ರೂಮ್ ಬೇಕು ಹೇಳು ಅಂತ. ಉತ್ತರ ತಲೇಲಿ ಇತ್ತು. ಒಂದು ಮೀಟಿಂಗ್ ಮುಗಿಯೋಕೆ ಮುಂಚೆ ಇನ್ನೊಂದು ಶುರುವಾದ್ರೆ ಹೊಸ ರೂಮು ಬೇಕು, ಮುಗಿದಿದ್ರೆ ಅದೇ ರೂಮು ಸಾಕು. ಆದ್ರೆ ಬಾಯಿಗೆ ಬರ್ಲಿಲ್ಲ. ನಾನು ಯೋಚನೆ ಮಾಡೋದು ಕನ್ನಡದಲ್ಲಿ. ಅಲ್ಲಿಂದ ಇಂಗ್ಲಿಷ್‌ಗೆ ತರೋಷ್ಟರಲ್ಲಿ ಮುಂದಿನ ಸ್ಟೆಪ್ಪೇ ಮರೆತು ಹೋಗೋದು. 7 ನಿಮಿಷ ಸುಮ್ನೆ ಕೂತಿದ್ದೆ. ಆ ಕಡೆಯವರು ಎರಡು ಸಲ ಹೇಳಿದ್ರು, ಏನು ಯೋಚನೆ ಮಾಡ್ತಿದೀರೋ ಅದನ್ನ ಜೋರಾಗಿ ಹೇಳ್ತಾ ಹೋಗಿ ಅಂತ. ಕೋಡ್ ಸರಿ ಬರೆದೆ, ಹಂಗಾಗಿ ದಾಟಿದೆ, ಆದ್ರೆ ರಿಕ್ರೂಟರ್ ಫೋನಲ್ಲಿ "ಕಮ್ಯುನಿಕೇಶನ್ ಸ್ವಲ್ಪ ನೋಡ್ಕೊಳಿ" ಅಂದ್ರು. ಆ ಮಾತು ಎದೆಗೆ ನಾಟ್ತು.

ಎರಡನೇ ಟೆಕ್ನಿಕಲ್ ಚೆನ್ನಾಗಿ ಆಯ್ತು, ಎಲ್‌ಆರ್‌ಯು ಕ್ಯಾಶ್ (ಜಾಗ ತುಂಬಿದಾಗ ತುಂಬಾ ಹೊತ್ತಿಂದ ಬಳಸದ ಡೇಟಾ ತೆಗೆದುಹಾಕೋ ಮೆಮೊರಿ) ಕೇಳಿದ್ರು, ಹ್ಯಾಶ್‌ಮ್ಯಾಪ್ ಜೊತೆ ಡಬ್ಲಿ ಲಿಂಕ್ಡ್ ಲಿಸ್ಟ್ ಹಾಕಿ ಮಾಡಿದೆ. ಆಮೇಲೆ ಸಿಸ್ಟಮ್ ಡಿಸೈನ್, ಅಂದ್ರೆ ದೊಡ್ಡ ಸಾಫ್ಟ್‌ವೇರ್ ಹೆಂಗೆ ಕಟ್ಟೋದು ಅಂತ ಬಿಡಿಸಿ ತೋರಿಸೋದು, 10 ಲಕ್ಷ ಜನಕ್ಕೆ ನೋಟಿಫಿಕೇಶನ್ ಕಳಿಸೋದು ಹೆಂಗೆ ಅಂತ. ಐದನೇದಕ್ಕೆ ಆಫೀಸಿಗೇ ಬನ್ನಿ ಅಂದ್ರು. ಬಂಗಾರಪೇಟೇಲಿ ಹತ್ತಿ ಟೇಕಲ್, ಮಾಲೂರು, ದೇವನಗೊಂತಿ ಎಲ್ಲಾ ದಾಟಿ ವೈಟ್‌ಫೀಲ್ಡಲ್ಲಿ ಇಳಿದೆ, ಇಸ್ತ್ರಿ ಮಾಡಿದ ಶರ್ಟ್ ಬ್ಯಾಗಲ್ಲಿತ್ತು, ಸ್ಟೇಷನ್ನಲ್ಲೇ ಬದಲಾಯಿಸ್ಕೊಂಡೆ. 3 ಗಂಟೆ ಕೂರಿಸಿದ್ರು, ನಾಲ್ಕು ಜನ ಒಬ್ಬರಾದ್ಮೇಲೆ ಒಬ್ರು ಬಂದು ಮಾತಾಡಿದ್ರು. ಕೊನೇದು ರಾತ್ರಿ 9:30ಕ್ಕೆ ಹೊರದೇಶದಲ್ಲಿರೋ ದೊಡ್ಡವರ ಜೊತೆ ವೀಡಿಯೋ ಕಾಲ್. ಅವರು "ತುಂಬಾ ಖುಷಿಯಾಯ್ತು, ಬೇಗ ತಿಳಿಸ್ತೀವಿ" ಅಂದ್ರು.

ಅಷ್ಟೇ. ಅದಾದ್ಮೇಲೆ 4 ವಾರ ಒಂದು ಮಾತಿಲ್ಲ. 3 ಮೇಲ್ ಹಾಕಿದೆ. 2 ಸಲ ಫೋನ್ ಮಾಡಿದೆ, ರಿಂಗ್ ಆಗಿ ಕಟ್ಟಾಯ್ತು. ಹೋದ ಗುರುವಾರ ಒಂದು ಸಾಲಿನ ಮೇಲ್ ಬಂತು, ಪೊಸಿಷನ್ ಹೋಲ್ಡಲ್ಲಿದೆ ಅಂತ.

ಅಪ್ಪ ಕೋಲಾರ ಎಪಿಎಂಸಿಗೆ ಟಮಾಟ ಹಾಕ್ತಾರೆ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ 2000 ರೂಪಾಯಿ ದಾಟಿದ್ದನ್ನೂ ನೋಡಿದಾರೆ, ಬಾಡಿಗೆ ಕಾಸೂ ಗಿಟ್ಟದೆ ವಾಪಸ್ ಬಂದ ದಿನಾನೂ ನೋಡಿದಾರೆ. ಎರಡೂ ಹರಾಜು ಕೂಗಿದ ತಕ್ಷಣ ಗೊತ್ತಾಗುತ್ತೆ, ಚೀಟಿ ಕೈಗೆ ಬರುತ್ತೆ, ಮನೆಗೆ ಬರ್ತಾರೆ. ಅವರು ಊಟ ಮಾಡ್ತಾ ಕೇಳಿದ್ರು, "ಅಷ್ಟು ಜನ ಕೂರಿಸ್ಕೊಂಡು ನೋಡಿದ್ರಲ್ಲಪ್ಪ ನಿನ್ನ, ಒಬ್ರಾದ್ರೂ ಹೇಳ್ಬಾರದಾ?" ನಂಗೆ ಉತ್ತರ ಇರ್ಲಿಲ್ಲ.

ಕೆಲಸ ಸಿಗ್ಲಿಲ್ಲ ಅನ್ನೋದಕ್ಕೆ ಬೇಜಾರಿಲ್ಲ ನಿಜವಾಗ್ಲೂ, ನನಗಿಂತ ಚೆನ್ನಾಗಿರೋರು ಇರ್ತಾರೆ. ಈ ರೌಂಡುಗಳಿಗೆ ಅಂತ 5 ದಿನ ರಜ ಹಾಕಿದೀನಿ, ಅದ್ರಲ್ಲಿ 2 ದಿನ ಸಂಬಳ ಕಟ್ಟು. ಇಲ್ಲ ಅಂತ ಹೇಳೋಕೆ ಎರಡು ನಿಮಿಷ ಸಾಕು, ಆ ಎರಡು ನಿಮಿಷ ಕೊಡ್ಲಿಲ್ಲವಲ್ಲ, ಅದು ನೋವು. ನಿಮಗೆ ಯಾರಿಗಾದ್ರೂ ಹಿಂಗೆ ಆಗಿದ್ಯಾ? ಮುಂದಿನ ಸಲ ಏನು ಬೇರೆ ಥರ ಮಾಡ್ಬೇಕು? ಮತ್ತೆ ಆ ಇಂಗ್ಲಿಷ್ ವಿಷಯಕ್ಕೆ ಯಾರ ಹತ್ರ ಆದ್ರೂ ದಾರಿ ಇದ್ರೆ ದಯವಿಟ್ಟು ಹೇಳಿ.

ಚಾಂಪಿಯನ್_ರೀಫ್
ಸೋಮವಾರ, ರಾತ್ರಿ 10:31

ಓದಿ ಹೊಟ್ಟೆ ಉರೀತು ಅಣ್ಣ. ನಾನು ಕೆಜಿಎಫ್‌ನವನು. ನಂದು ಇನ್ನೂ ಕೆಟ್ಟದು, ಬೇರೆಯವರು ಈ ತಪ್ಪು ಮಾಡ್ಬಾರದು ಅಂತ ಬರೀತಿದೀನಿ. 5 ರೌಂಡ್ ಆಗಿ ಮ್ಯಾನೇಜರ್ ಫೋನಲ್ಲೇ "ಸೆಲೆಕ್ಟ್ ಆಗಿದೀರ, ಪೇಪರ್ ಪಾಡಿಗೆ ಪೇಪರ್ ಬರುತ್ತೆ, ನೀವು ನೋಟಿಸ್ ಹಾಕ್ಬಿಡಿ, 90 ದಿನ ಅಂದ್ರೆ ಲೇಟ್ ಆಗುತ್ತೆ" ಅಂದ್ರು. ನಂಬಿ ಅವತ್ತು ಸಾಯಂಕಾಲಾನೇ ರಿಸೈನ್ ಮಾಡ್ದೆ. ಆಫರ್ ಲೆಟರ್ ಬರ್ಲೇ ಇಲ್ಲ. ಆ ಮ್ಯಾನೇಜರ್ರೇ ಕಂಪನಿ ಬಿಟ್ಟು ಹೋದ್ರು. ನಮ್ಮ ಹಳೇ ಕಂಪನೀಲಿ ವಾಪಸ್ ತಗೊಳಿ ಅಂತ ಕೇಳ್ದೆ, ಆಗಲೇ ನನ್ನ ಜಾಗಕ್ಕೆ ಬೇರೆಯವರನ್ನ ಹಾಕಿದ್ರು. 5 ತಿಂಗಳು ಮನೇಲಿ ಕೂತೆ.

ನಮ್ಮಪ್ಪ ಮೈನ್ಸಲ್ಲಿದ್ದೋರು. 2001ರ ಫೆಬ್ರವರೀಲಿ ಗಣಿ ಮುಚ್ಚಿದಾಗ ನಮ್ಮ ಲೈನ್ ಮನೆಗಳಲ್ಲಿ ಎಲ್ರದ್ದೂ ಒಂದೇ ಸಲ ಹೋಯ್ತು, ಅವತ್ತಿಂದ ಊರಿಗೆ ಊರೇ ಬೆಳಗಿನ ಜಾವ ಮಾರಿಕುಪ್ಪಂ ಟ್ರೈನ್ ಹತ್ತಿ ಬೆಂಗಳೂರಿಗೆ ಹೋಗಿ ದುಡೀತಿದೆ. ಕೈಯಲ್ಲಿರೋ ಕೆಲಸ ಅಂದ್ರೇನು ಅಂತ ನಮ್ಮ ಮನೇಲಿ ಯಾರೂ ಹೇಳ್ಕೊಡ್ಬೇಕಿಲ್ಲ. ಅಂಥದ್ರಲ್ಲಿ ನಾನು ಬಾಯಿ ಮಾತಿಗೆ ಬಿಟ್ಟೆ. ಅಪ್ಪ ಒಂದು ಮಾತು ಬೈಲಿಲ್ಲ, ಅದೇ ಜಾಸ್ತಿ ನೋವಾಗಿದ್ದು.

ಸಹಿ ಇರೋ ಆಫರ್ ಲೆಟರ್, ಅದ್ರಲ್ಲಿ ಜಾಯ್ನಿಂಗ್ ಡೇಟು, ಸಂಬಳದ ಪೂರ್ತಿ ವಿವರ, ಇದು ಮೇಲ್‌ಗೆ ಬರೋವರೆಗೂ ರಿಸೈನ್ ಹಾಕ್ಬೇಡಿ. ಎಷ್ಟೇ ಒಳ್ಳೆಯೋರು ಹೇಳಿದ್ರೂ ಹಾಕ್ಬೇಡಿ.

ತಟ್ಟೆಇಡ್ಲಿ_ತುಮಕೂರು
ಸೋಮವಾರ, ರಾತ್ರಿ 11:15

ನಾನು ಟೇಬಲ್‌ನ ಆ ಕಡೆ ಕೂರೋನು, 13 ವರ್ಷ ಅನುಭವ, ವಾರಕ್ಕೆ 2-3 ಇಂಟರ್‌ವ್ಯೂ ತಗೊಳ್ತೀನಿ. ಒಳಗಡೆ ಏನಾಗುತ್ತೆ ಅಂತ ಹೇಳ್ತೀನಿ, ಸಮರ್ಥನೆ ಅಂತ ತಿಳ್ಕೋಬೇಡಿ.

ಪ್ರತಿ ರೌಂಡ್ ಆದ್ಮೇಲೆ ಅವರವರು ಫೀಡ್‌ಬ್ಯಾಕ್ ಬರೀಬೇಕು, ಬೇರೆಯವರು ಬರೆದಿದ್ದನ್ನ ನೋಡೋಕೆ ಮುಂಚೆ ತಮ್ಮದು ಹಾಕ್ಬೇಕು, ಇಲ್ಲಾಂದ್ರೆ ಒಬ್ಬರ ಅಭಿಪ್ರಾಯ ಇನ್ನೊಬ್ಬರಿಗೆ ಅಂಟುತ್ತೆ. ಎಲ್ಲಾ ಮುಗಿದ್ಮೇಲೆ ಕೂತು ಚರ್ಚೆ ಮಾಡ್ತೀವಿ. ಕೆಲವು ಕಡೆ ಆ ಟೀಮಿಗೆ ಸೇರದ ಒಬ್ರು ಇರ್ತಾರೆ, ಅಮೆಜಾನ್‌ನಲ್ಲಿ ಅವರನ್ನ ಬಾರ್ ರೈಸರ್ ಅಂತಾರೆ, ಅವರು ಬೇಡ ಅಂದ್ರೆ ಟೀಮಿನವರು ಬೇಕು ಅಂದ್ರೂ ಆಗಲ್ಲ. ಗೂಗಲ್‌ನಲ್ಲಿ ಇಂಟರ್‌ವ್ಯೂ ಮಾಡಿದೋರ ಹೊರಗಿನ ಒಂದು ಕಮಿಟಿ ಫೈಲ್ ನೋಡಿ ಹೇಳೋದು. ಆಮೇಲೆ ಹೆಡ್‌ಕೌಂಟ್. ಇಷ್ಟು ಜನ ತಗೋಬಹುದು ಅಂತ ಹಣಕಾಸಿನವರು ಒಪ್ಪಿರೋ ಸಂಖ್ಯೆ. ಕ್ವಾರ್ಟರ್ ಮಧ್ಯೆ ಅದನ್ನ ತಡೆದ್ರೆ ನಿಮ್ಮ ಆರು ರೌಂಡೂ ಚೆನ್ನಾಗಿ ಆಗಿದ್ರೂ ಫೈಲ್ ಅಲ್ಲೇ ನಿಲ್ಲುತ್ತೆ. ನಿಮಗೆ ಆಗಿರೋದು ಬಹುಶಃ ಇದೇ. ಹೋಲ್ಡ್ ಅಂದ್ರೆ ನೀವು ಫೇಲ್ ಅಂತ ಅರ್ಥ ಅಲ್ಲ, ಇದನ್ನ ನಿಮ್ಮ ಅಪ್ಪನಿಗೂ ಹೇಳಿ.

ಆದ್ರೆ 6 ರೌಂಡು, ಅದ್ರಲ್ಲಿ ಒಂದು ರೌಂಡಲ್ಲಿ ನಾಲ್ಕು ಜನ, ಇದನ್ನ ನಾನು ಒಪ್ಪಲ್ಲ. ಗೂಗಲ್‌ನವರು ತಮ್ಮದೇ ಹಳೇ ಇಂಟರ್‌ವ್ಯೂ ಡೇಟಾ ತೆಗೆದು ನೋಡಿದ್ರು, 4 ಇಂಟರ್‌ವ್ಯೂ ಆದ್ರೆ ತಗೋಬೇಕೋ ಬೇಡ್ವೋ ಅಂತ 86% ಭರವಸೆಯಿಂದ ಹೇಳ್ಬಹುದು, ಅದಾದ್ಮೇಲೆ ಎಷ್ಟು ಸೇರಿಸಿದ್ರೂ ಸಿಗೋ ಲಾಭ ತೀರಾ ಕಮ್ಮಿ ಅಂತ ಗೊತ್ತಾಯ್ತು. ನಾನು ಇದನ್ನ ಹಿಡ್ಕೊಂಡೇ ನಮ್ಮ ಟೀಮಲ್ಲಿ ಜಗಳ ಆಡಿ 6 ಇದ್ದದ್ದನ್ನ 4ಕ್ಕೆ ಇಳಿಸಿದೆ. ಐದನೇ ಆರನೇ ರೌಂಡು ಇರೋದು ಅಭ್ಯರ್ಥಿ ಬಗ್ಗೆ ತಿಳ್ಕೊಳೋಕೆ ಅಲ್ಲ, ನಿರ್ಧಾರದ ಜವಾಬ್ದಾರಿ ಹೊರೋಕೆ ಯಾರಿಗೂ ಧೈರ್ಯ ಇಲ್ದೇ ಇರೋದಕ್ಕೆ. ಇದು ನನ್ನ ಅಭಿಪ್ರಾಯ, ಖಂಡಿತವಾಗಿ ಹೇಳ್ತೀನಿ.

ಇಂಗ್ಲಿಷ್ ವಿಷಯ ನಾಳೆ ಬರೀತೀನಿ, ಅದು ದೊಡ್ಡದು.

ಮುಳಬಾಗಿಲು_ದೋಸೆ
ಮಂಗಳವಾರ, ಬೆಳಗ್ಗೆ 7:05

ಎಲ್ಲಾ ಸರಿ ಆದ್ರೆ ಒಂದು ಮಾತು. ದುಡ್ಡು ಜಾಸ್ತಿ ಕೊಡೋ ಕಡೆ ಪರೀಕ್ಷೆ ಉದ್ದ ಇರೋದು ಸಹಜ ಅಲ್ವಾ. ಈಗಿನ ಸಂಬಳಕ್ಕಿಂತ ಎರಡರಷ್ಟು ಕೊಡ್ತೀನಿ ಅನ್ನೋರು ಹತ್ತು ಸಲ ನೋಡ್ತಾರೆ. 11 ವಾರ ಕಾಯೋಕೆ ಆಗಲ್ಲ ಅಂದ್ರೆ ಹೆಂಗೆ, ಕೆಪಿಎಸ್‌ಸಿ ಬರೆಯೋರು ವರ್ಷಗಟ್ಟಲೆ ಕಾಯ್ತಾರೆ.

ಬಂಗಾರಪೇಟೆ_ಲೋಕಲ್
ಮಂಗಳವಾರ, ಬೆಳಗ್ಗೆ 8:20

ಸರ್ ಕಾಯೋದಕ್ಕೆ ನಂದೇನೂ ತಕರಾರಿಲ್ಲ. ಸರ್ಕಾರಿ ಪರೀಕ್ಷೇಲಿ ಎಷ್ಟು ಪೇಪರ್ ಇದೆ ಅಂತ ಮೊದಲೇ ಗೊತ್ತಿರುತ್ತೆ, ಅಧಿಸೂಚನೇಲಿ ಬರೆದಿರ್ತಾರೆ, ರಿಜಿಸ್ಟರ್ ನಂಬರ್ ಹಾಕಿ ಪಟ್ಟಿ ಬಿಡ್ತಾರೆ. ನಂಗೆ ಮೊದಲು ಹೇಳಿದ್ದು 4 ರೌಂಡು. ನಾಲ್ಕು ಮುಗಿದ್ಮೇಲೆ ಇನ್ನೊಂದಿದೆ ಅಂದ್ರು, ಅದಾದ್ಮೇಲೆ ಇನ್ನೊಂದೇ ಒಂದು ಅಂದ್ರು. ಪ್ರತಿ ಸಲ ಇದೇ ಕೊನೇದು ಅಂತ ಅಮ್ಮನಿಗೆ ಹೇಳಿ ಹೋಗ್ತಿದ್ದೆ, ಅವರು ಪ್ರತಿ ಸಲ ದೇವರ ಮುಂದೆ ದೀಪ ಹಚ್ಚಿ ಕಾಯ್ತಿದ್ರು. ಇದು ಬೇರೆ ಅಲ್ವಾ ಸರ್.

ಮುಳಬಾಗಿಲು_ದೋಸೆ
ಮಂಗಳವಾರ, ಬೆಳಗ್ಗೆ 8:34

ಆ ವಿಷಯ ಗೊತ್ತಿರ್ಲಿಲ್ಲ ತಮ್ಮ. ಮೊದಲು 4 ಅಂದು ಆಮೇಲೆ ಎಳೆದಿದ್ದು ತಪ್ಪೇ, ನನ್ನ ಮಾತು ವಾಪಸ್ ತಗೊಳ್ತೀನಿ.

ಶಿಡ್ಲಘಟ್ಟ_ರೇಷ್ಮೆ
ಮಂಗಳವಾರ, ಮಧ್ಯಾಹ್ನ 1:40

ನಾನು ರಿಕ್ರೂಟರ್. ಎಲ್ರೂ ನಮ್ಮನ್ನೇ ಬೈಯ್ತಾರೆ ಅಂತ ಸುಮ್ನೆ ಓದ್ತಿದ್ದೆ, ಆದ್ರೆ ಆ ಫೋನ್ ಎತ್ತದೇ ಇರೋ ಮಾತು ಓದಿ ಬರೀಲೇಬೇಕು ಅನ್ನಿಸ್ತು. ಯಾಕೆ ಎತ್ತಲ್ಲ ಅಂದ್ರೆ ಹೇಳೋಕೆ ನಮ್ಮ ಹತ್ರ ಏನೂ ಇರಲ್ಲ. ಮ್ಯಾನೇಜರ್ ನಮಗೂ ಹೇಳಿರಲ್ಲ. "ಇವರನ್ನ ಬೆಚ್ಚಗೆ ಇಟ್ಕೊಳಿ" ಅಂದಿರ್ತಾರೆ, ಅಂದ್ರೆ ಮೊದಲನೇ ಆಯ್ಕೆಯವರು ಬರಲ್ಲ ಅಂದ್ರೆ ಇವರನ್ನ ಕರೆಯೋದು. ಅದನ್ನ ಬಾಯ್ಬಿಟ್ಟು ಹೇಳೋ ಹಂಗಿಲ್ಲ. ನಮ್ಮಲ್ಲಿ ಎಷ್ಟೋ ಜನ ಕಾಂಟ್ರಾಕ್ಟ್ ಮೇಲೆ ಇರೋರು, ಹೈರಿಂಗ್ ನಿಂತ್ರೆ ಮೊದಲು ಹೋಗೋದು ನಮ್ಮ ಕೆಲಸಾನೇ. ಆದ್ರೂ ಇನ್ನೂ ಗೊತ್ತಾಗಿಲ್ಲ ಅಂತ ಒಂದು ಮೆಸೇಜ್ ಹಾಕೋಕೆ ಏನು ಕಷ್ಟ ಅಂದ್ರೆ ಕಷ್ಟ ಏನಿಲ್ಲ, ಹಾಕ್ಬೇಕು. ನಾನು ಪ್ರತಿ ಶುಕ್ರವಾರ ಮಧ್ಯಾಹ್ನ ಕೂತು ಎಲ್ರಿಗೂ ಹಾಕ್ತೀನಿ, ಸುದ್ದಿ ಇದ್ರೂ ಇಲ್ದಿದ್ರೂ.

ಮೊದಲ ಕಾಲ್‌ನಲ್ಲೇ ಇವಿಷ್ಟನ್ನ ನಾಚಿಕೆ ಇಲ್ದೆ ಕೇಳಿ. ಒಟ್ಟು ಎಷ್ಟು ರೌಂಡು, ಯಾವ್ಯಾವುದು. ಈ ಪೊಸಿಷನ್‌ಗೆ ಹೆಡ್‌ಕೌಂಟ್ ಅಪ್ರೂವ್ ಆಗಿದ್ಯಾ ಇಲ್ಲ ಆಗ್ಬೇಕಾ. ಬಿಟ್ಟು ಹೋದೋರ ಜಾಗಕ್ಕಾ ಇಲ್ಲ ಹೊಸ ಜಾಗನಾ, ಯಾಕಂದ್ರೆ ಖರ್ಚು ಬಿಗಿ ಹಿಡಿಯೋ ಕಾಲ ಬಂದ್ರೆ ಸಾಮಾನ್ಯವಾಗಿ ಮೊದಲು ಹೊಸ ಜಾಗಗಳನ್ನೇ ನಿಲ್ಲಿಸ್ತಾರೆ. 90 ದಿನ ನೋಟಿಸ್‌ಗೆ ಕಾಯ್ತೀರಾ, ಇಲ್ಲ ಉಳಿದ ದಿನದ ದುಡ್ಡು ಕಟ್ಟಿ ಬಿಡಿಸ್ಕೊಳೋ ಬೈಔಟ್ ಕೊಡ್ತೀರಾ. ಎರಡು ಮೂರು ರೌಂಡನ್ನ ಒಂದೇ ದಿನ ಇಡ್ಬಹುದಾ, ನಾನು ದೂರದಿಂದ ಬರ್ತೀನಿ. ಈ ಕೊನೇದನ್ನ ಕೇಳಿದ್ರೆ ಬಹಳ ಕಡೆ ಒಪ್ತಾರೆ, ಕೇಳೋರೇ ಇಲ್ಲ. ಕೇಳಿದ್ಮೇಲೆ "ನಾವು ಮಾತಾಡಿದ ಹಾಗೆ ಒಟ್ಟು 4 ರೌಂಡು" ಅಂತ ನೀವೇ ಒಂದು ಮೇಲ್ ಹಾಕಿ. ಬರವಣಿಗೇಲಿ ಇದ್ರೆ ಎಳೆಯೋಕೆ ಅವರಿಗೂ ಮುಜುಗರ.

ಇನ್ನೊಂದು ಮಾತು, ಒಂದೇ ಕಂಪನಿ ಮೇಲೆ 11 ವಾರ ಕೂರ್ಬೇಡಿ. ಅದು ನಡೀತಿರೋವಾಗ್ಲೇ ಇನ್ನೂ ಮೂರು ಕಡೆ ಹಾಕಿರಿ. ರೇಷ್ಮೆ ಗೂಡು ಮಾರೋಕೆ ಬರೋರು ನೂಲು ಬಿಚ್ಚೋ ಒಬ್ಬ ರೀಲರ್ ಮುಖ ನೋಡ್ಕೊಂಡು ಕೂರಲ್ಲ, ಮಾರ್ಕೆಟ್ಟಲ್ಲಿ ಹರಾಜಿಗೆ ಇಡ್ತಾರೆ.

ಚಿಂತಾಮಣಿ_ಫ್ರೆಶರ್
ಮಂಗಳವಾರ, ಸಂಜೆ 4:12

ಅಕ್ಕ ನಿಮ್ಮನ್ನ ಒಂದು ಕೇಳ್ಬೇಕು. ನಾನು ಈ ವರ್ಷ ಬಿಇ ಮುಗಿಸ್ದೆ. ಒಂದು ಕಡೆಯಿಂದ ವಾಟ್ಸಾಪಲ್ಲಿ ಮೆಸೇಜ್ ಬಂತು, ಇಂಟರ್‌ವ್ಯೂ ಚಾಟಲ್ಲೇ ಮಾಡಿದ್ರು, 20 ನಿಮಿಷಕ್ಕೆ ಸೆಲೆಕ್ಟ್ ಅಂದ್ರು, ದೊಡ್ಡ ಕಂಪನಿ ಲೋಗೋ ಇರೋ ಲೆಟರ್ ಕಳಿಸಿದ್ರು. ಈಗ ಲ್ಯಾಪ್‌ಟಾಪ್‌ಗೆ ಅಂತ 15,000 ಡೆಪಾಸಿಟ್ ಕಟ್ಟು, ಜಾಯಿನ್ ಆದ ತಿಂಗಳೇ ವಾಪಸ್ ಅಂತಿದಾರೆ. ಅಮ್ಮ ಸಂಘದಲ್ಲಿ ಸಾಲ ತೆಗೀತೀನಿ ಅಂತಿದಾರೆ. ಕಟ್ಲಾ?

ಶಿಡ್ಲಘಟ್ಟ_ರೇಷ್ಮೆ
ಮಂಗಳವಾರ, ಸಂಜೆ 4:15

ಕಟ್ಬೇಡ ಕಣಪ್ಪ. ಒಂದು ರೂಪಾಯಿನೂ ಕಟ್ಬೇಡ. ಅಮ್ಮನಿಗೆ ಈಗಲೇ ಫೋನ್ ಮಾಡಿ ಸಾಲ ತೆಗೀಬೇಡ ಅನ್ನು. ಕೆಲಸ ಕೊಡೋರು ದುಡ್ಡು ಕೇಳಲ್ಲ, ಲ್ಯಾಪ್‌ಟಾಪ್ ಕಂಪನಿನೇ ಕೊಡುತ್ತೆ. ಆಧಾರ್, ಪ್ಯಾನ್ ಕಳಿಸಿದ್ಯಾ? ಆ ಮೆಸೇಜ್ ಎಲ್ಲಾ ಅಳಿಸ್ಬೇಡ, ಸ್ಕ್ರೀನ್‌ಶಾಟ್ ತೆಗ್ದಿಡು. ದುಡ್ಡು ಏನಾದ್ರೂ ಹೋಗಿದ್ರೆ ತಕ್ಷಣ 1930ಗೆ ಫೋನ್ ಮಾಡ್ಬೇಕು, ಸೈಬರ್ ವಂಚನೆಗೆ ಇರೋ ಸರ್ಕಾರದ ನಂಬರ್, ಎಷ್ಟು ಬೇಗ ಮಾಡ್ತೀವೋ ಅಷ್ಟು ದುಡ್ಡು ತಡೆಯೋ ಅವಕಾಶ ಜಾಸ್ತಿ.

ಚಿಂತಾಮಣಿ_ಫ್ರೆಶರ್
ಮಂಗಳವಾರ, ಸಂಜೆ 4:40

ಇಲ್ಲ ಅಕ್ಕ ಏನೂ ಕಟ್ಟಿಲ್ಲ. ಅಮ್ಮನಿಗೆ ಹೇಳ್ದೆ. ನಾಳೆ ಬೆಳಗ್ಗೆ ಸಂಘದ ಮೀಟಿಂಗ್ ಇತ್ತು. ತುಂಬಾ ಥ್ಯಾಂಕ್ಸ್ ಅಕ್ಕ.

ಮಾಲೂರು_ಟೆಸ್ಟರ್
ಮಂಗಳವಾರ, ರಾತ್ರಿ 9:02

ಇಂಗ್ಲಿಷ್ ವಿಷಯಕ್ಕೆ ಬರ್ತೀನಿ, ಇದು ನನ್ನ ಸ್ವಂತ ಗಾಯ. ನಾನು ಎಸ್‌ಎಸ್‌ಎಲ್‌ಸಿ ತನಕ ಕನ್ನಡ ಮೀಡಿಯಂ, ಈಗ 9 ವರ್ಷ ಟೆಸ್ಟಿಂಗಲ್ಲಿದೀನಿ, ಈಗ ನಾನೇ ಇಂಟರ್‌ವ್ಯೂ ತಗೊಳ್ತೀನಿ. ಎಲ್ರೂ ಹೇಳೋದು, ದಿನವಿಡೀ ಇಂಗ್ಲಿಷಲ್ಲೇ ಮಾತಾಡು, ಇಂಗ್ಲಿಷಲ್ಲೇ ಯೋಚನೆ ಮಾಡು ಅಂತ. ನಾನು ಒಂದು ವರ್ಷ ಹಂಗೇ ಮಾಡ್ದೆ. ಮಾತು ಸಲೀಸಾಯ್ತು, ಆದ್ರೆ ಕಷ್ಟದ ಪ್ರಶ್ನೆ ಬಂದ ತಕ್ಷಣ ತಲೆ ತಾನಾಗೇ ಕನ್ನಡಕ್ಕೆ ಹೋಗೋದು. ಆಮೇಲೆ ಅರ್ಥ ಆಯ್ತು, ಸಮಸ್ಯೆ ಭಾಷೇದಲ್ಲ, ನಾನು ಯಾವ ಭಾಷೇಲೂ ಜೋರಾಗಿ ಯೋಚನೆ ಮಾಡಿ ಅಭ್ಯಾಸಾನೇ ಇಲ್ಲ. ನಮ್ಮ ಶಾಲೇಲಿ ಉತ್ತರ ಗೊತ್ತಿದ್ರೆ ಎದ್ದು ನಿಂತು ಹೇಳು, ಇಲ್ಲಾಂದ್ರೆ ಕೂತ್ಕೋ. ಅರ್ಧ ಯೋಚನೆನ ಬಾಯ್ಬಿಟ್ರೆ ಬೈತಿದ್ರು. ಇಂಟರ್‌ವ್ಯೂನಲ್ಲಿ ಆ ಅರ್ಧ ಯೋಚನೆನೇ ಬೇಕಾಗಿರೋದು.

ಅದಕ್ಕೆ ನಾನು ಮಾಡಿದ್ದು, ಮೊದಲು ಕನ್ನಡದಲ್ಲಿ ಜೋರಾಗಿ ಹೇಳೋದು. ನಮ್ಮತ್ತೆ ಅವರೆಕಾಯಿ ಸುಲೀತಾ ಕೂತಿರೋರು, ಅವರ ಮುಂದೆ ಕೂತು ಬೈನರಿ ಸರ್ಚ್ (ಜೋಡಿಸಿದ ಪಟ್ಟೀನ ಅರ್ಧರ್ಧ ಮಾಡ್ತಾ ಹುಡುಕೋದು) ಹೇಳ್ತಿದ್ದೆ. ಅವರಿಗೆ ಅರ್ಥ ಆಗದೇ ಇರೋ ಜಾಗ ಬಂದ್ರೆ ಕೈ ನಿಲ್ಲಿಸಿ ನನ್ನ ಮುಖ ನೋಡೋರು. ಅಲ್ಲೇ ನನಗೂ ಸರಿಯಾಗಿ ಅರ್ಥ ಆಗಿಲ್ಲ ಅಂತ ಗೊತ್ತಾಗೋದು. ಅವರು ನಿಲ್ಲಿಸದೆ ಸುಲಿಯೋ ಮಟ್ಟಕ್ಕೆ ಹೇಳೋಕೆ ಬಂದ್ಮೇಲೆ ಅದನ್ನೇ ಇಂಗ್ಲಿಷಲ್ಲಿ ಹೇಳ್ತಿದ್ದೆ. ಅಷ್ಟೊತ್ತಿಗೆ ಮಾತು ಹುಡುಕೋದಷ್ಟೇ ಬಾಕಿ, ಯೋಚನೆ ಮುಗಿದಿರುತ್ತೆ.

ನಿಮ್ಮ ಮೀಟಿಂಗ್ ರೂಮ್ ಪ್ರಶ್ನೆನೇ ತಗೊಳ್ಳಿ. ಅದು ಬಂಗಾರಪೇಟೆ ಸ್ಟೇಷನ್ ಪ್ರಶ್ನೆ ಅಲ್ವಾ? ಜಂಕ್ಷನ್‌ಗೆ ಇಷ್ಟು ಟ್ರೈನ್ ಬರುತ್ತೆ, ಇಷ್ಟೊತ್ತಿಗೆ ಹೋಗುತ್ತೆ, ಕನಿಷ್ಠ ಎಷ್ಟು ಪ್ಲಾಟ್‌ಫಾರ್ಮ್ ಬೇಕು. ಒಂದು ಗಾಡಿ 7:10ಕ್ಕೆ ಬಂದು 7:30ಕ್ಕೆ ಹೋಗುತ್ತೆ ಅನ್ಕೊಳ್ಳಿ, ಇನ್ನೊಂದು 7:20ಕ್ಕೆ ಬಂದು 7:40ಕ್ಕೆ, ಮೂರನೇದು 7:35ಕ್ಕೆ ಬಂದು 7:50ಕ್ಕೆ. ಬರೋ ಟೈಮೆಲ್ಲಾ ಒಂದು ಸಾಲು, ಹೋಗೋ ಟೈಮೆಲ್ಲಾ ಒಂದು ಸಾಲು, ಎರಡನ್ನೂ ಟೈಮ್ ಪ್ರಕಾರ ಬೇರೆ ಬೇರೆ ಜೋಡಿಸಿ. 7:10 ಬಂತು, ಒಂದು. 7:20 ಬಂತು, ಎರಡು. 7:30ಕ್ಕೆ ಒಂದು ಹೋಯ್ತು, ಒಂದೇ ಉಳೀತು. 7:35 ಬಂತು, ಮತ್ತೆ ಎರಡು. ಎಲ್ಲಕ್ಕಿಂತ ಜಾಸ್ತಿ ಆಗಿದ್ದು ಎರಡು, ಅದೇ ಉತ್ತರ. ಯಾವ ಗಾಡಿ ಹೋಯ್ತು ಅನ್ನೋದು ಬೇಕಾಗೇ ಇಲ್ಲ, ಎಷ್ಟು ನಿಂತಿದಾವೆ ಅನ್ನೋದಷ್ಟೇ ಸಾಕು, ಅದಕ್ಕೇ ಎರಡು ಸಾಲನ್ನೂ ಬೇರೆ ಜೋಡಿಸಿದ್ರೂ ತಪ್ಪಾಗಲ್ಲ. ಈ ಕೊನೇ ಮಾತು ಹೇಳಿದ್ರೆ ನಾನಾದ್ರೆ ಪೂರ್ತಿ ಮಾರ್ಕ್ಸ್ ಕೊಡ್ತೀನಿ, ಇಂಗ್ಲಿಷ್ ಹೆಂಗೇ ಇರ್ಲಿ.

ನೀವು ದಿನಾ ನಿಲ್ಲೋ ಜಾಗದಲ್ಲೇ ಉತ್ತರ ಇದೆ ತಮ್ಮ.

ಬಂಗಾರಪೇಟೆ_ಲೋಕಲ್
ಮಂಗಳವಾರ, ರಾತ್ರಿ 9:30

ಅಕ್ಕ ಇದನ್ನ ಮೂರು ಸಲ ಓದ್ದೆ. 4 ವರ್ಷದಿಂದ ಅದೇ ಪ್ಲಾಟ್‌ಫಾರ್ಮ್ ಮೇಲೆ ನಿಂತು ಫೋನಲ್ಲಿ ಪ್ರಶ್ನೆ ಬಿಡಿಸ್ತಾ ಇದೀನಿ, ಒಂದು ದಿನಾನೂ ಹಿಂಗೆ ಹೊಳೆದಿಲ್ಲ.

ತಟ್ಟೆಇಡ್ಲಿ_ತುಮಕೂರು
ಮಂಗಳವಾರ, ರಾತ್ರಿ 10:20

ನಾನು ಬರೀಬೇಕು ಅಂದಿದ್ದನ್ನ ಮೇಡಂ ನನಗಿಂತ ಚೆನ್ನಾಗಿ ಬರೆದ್ರು. ಅದಕ್ಕೆ ಸೇರಿಸ್ತೀನಿ. ಯೋಚನೆ ಮಾಡೋಕೆ ಸಮಯ ಬೇಕು ಅಂದ್ರೆ ಕೇಳಿ. "ಎರಡು ನಿಮಿಷ ಹಾಳೆ ಮೇಲೆ ಬರ್ಕೊಳ್ತೀನಿ, ಆಮೇಲೆ ಹೇಳ್ತೀನಿ" ಅಂದ್ರೆ ಯಾರೂ ಬೇಡ ಅನ್ನಲ್ಲ. ಹೇಳ್ದೇ ಸುಮ್ನೆ ಕೂತ್ರೆ ಈ ಕಡೆ ಕೂತಿರೋನಿಗೆ ನೆಟ್ ಹೋಯ್ತೋ, ಗೊತ್ತಿಲ್ವೋ, ಬೇರೆ ಕಡೆ ನೋಡಿ ಬರೀತಿದಾರೋ ಒಂದೂ ತಿಳಿಯಲ್ಲ. ಫಾರ್ಮಲ್ಲಿ ಕಮ್ಯುನಿಕೇಶನ್ ಕಮ್ಮಿ ಅಂತ ಬರೆಯೋದು ಬಹಳ ಸಲ ಈ ಮೌನಕ್ಕೇ, ವ್ಯಾಕರಣಕ್ಕಲ್ಲ.

ಸಿಸ್ಟಮ್ ಡಿಸೈನಲ್ಲಿ ಏನು ಹೇಳಿದ್ರಿ ಅಂತ ಬರೀಲಿಲ್ಲ ನೀವು. ನೇರ ಡಯಾಗ್ರಾಮಿನ ಡಬ್ಬ ಬರೆಯೋಕೆ ಶುರು ಮಾಡಿದ್ರಾ?

ಬಂಗಾರಪೇಟೆ_ಲೋಕಲ್
ಮಂಗಳವಾರ, ರಾತ್ರಿ 10:26

ಹೌದು ಸರ್. ಮೆಸೇಜ್ ಸಾಲಲ್ಲಿ ಇಡೋಕೆ ಕಾಫ್ಕಾ ಹಾಕ್ತೀನಿ, ಡೇಟಾ ಬೇಗ ಸಿಗೋಕೆ ರೆಡಿಸ್ ಹಾಕ್ತೀನಿ ಅಂತ ಮೊದಲ ನಿಮಿಷದಿಂದ್ಲೇ ಬರೆದೆ. ಅವರು ಯಾಕೆ ಅಂದಾಗ ತಡವರಿಸಿದೆ.

ತಟ್ಟೆಇಡ್ಲಿ_ತುಮಕೂರು
ಮಂಗಳವಾರ, ರಾತ್ರಿ 10:48

ಅಲ್ಲೇ ಎಡವಿದ್ದು. ಮೊದಲು ಕೇಳ್ಬೇಕು, 10 ಲಕ್ಷ ಜನಕ್ಕೆ ಎಷ್ಟೊತ್ತಲ್ಲಿ ತಲುಪ್ಬೇಕು? 10 ನಿಮಿಷ ಅಂದ್ರೆ 600 ಸೆಕೆಂಡು, ಸೆಕೆಂಡಿಗೆ ಹತ್ತಿರತ್ರ 1,700 ಮೆಸೇಜು. ಒಂದು ದಿನ ಅಂದ್ರೆ ಸೆಕೆಂಡಿಗೆ 12. ಎರಡಕ್ಕೂ ಡಿಸೈನ್ ಬೇರೆ, ಸೆಕೆಂಡಿಗೆ 12ಕ್ಕೆ ಕಾಫ್ಕಾ ಬೇಕಾಗೇ ಇಲ್ಲ, ಡೇಟಾಬೇಸ್ ಟೇಬಲ್ ಇಟ್ಕೊಂಡೇ ಮಾಡ್ಬಹುದು. ಆಮೇಲೆ ಕೇಳ್ಬೇಕು, ಒಂದೇ ಮೆಸೇಜ್ ಎರಡು ಸಲ ಹೋದ್ರೆ ಪರವಾಗಿಲ್ವಾ? ಹಬ್ಬದ ಶುಭಾಶಯ ಎರಡು ಸಲ ಹೋದ್ರೆ ನಡೆಯುತ್ತೆ, ಖಾತೆಯಿಂದ ದುಡ್ಡು ಕಟ್ಟಾಯ್ತು ಅನ್ನೋದು ಎರಡು ಸಲ ಹೋದ್ರೆ ಆ ಮನೇಲಿ ಎದೆ ಒಡೆಯುತ್ತೆ. ಅದಕ್ಕೆ ಪ್ರತಿ ಮೆಸೇಜ್‌ಗೂ ಒಂದು ಗುರುತಿನ ಕೀ ಇಟ್ಟು, ಕಳಿಸೋಕೆ ಮುಂಚೆ ಈ ಕೀ ಆಗಲೇ ಹೋಗಿದ್ಯಾ ಅಂತ ನೋಡೋದು. ಇಷ್ಟು ಕೇಳಿ ಆಮೇಲೆ ಡಬ್ಬ ಬರೀರಿ. ನಿಮ್ಮ 4 ವರ್ಷದ ಕೆಲಸದಲ್ಲಿ ಇದೆಲ್ಲಾ ನೋಡಿರ್ತೀರ, ಹೆಸರು ಗೊತ್ತಿರಲ್ಲ ಅಷ್ಟೇ.

ಮುಳಬಾಗಿಲು_ದೋಸೆ
ಬುಧವಾರ, ಬೆಳಗ್ಗೆ 6:50

ನಿನ್ನೆ ಖಾರವಾಗಿ ಮಾತಾಡಿದ್ದಕ್ಕೆ ಉಪಯೋಗದ್ದೂ ಒಂದು ಹೇಳ್ತೀನಿ, ನಾನು ಪೇರೋಲ್‌ನಲ್ಲಿ ಇರೋನು. ಆಫರ್ ಬಂದಾಗ ಸಿಟಿಸಿ ನೋಡಿ ಖುಷಿ ಪಡ್ಬೇಡಿ. ಅದ್ರಲ್ಲಿ ಕಂಪನಿ ಕಟ್ಟೋ ಪಿಎಫ್ ಸೇರಿರುತ್ತೆ, ಗ್ರಾಚ್ಯುಟಿ ಅಂತ ಬೇಸಿಕ್‌ನ 4.81% ಸೇರಿರುತ್ತೆ, ಬಂದ್ರೆ ಬಂತು ಅನ್ನೋ ವೇರಿಯಬಲ್ ಸೇರಿರುತ್ತೆ. ಜಾಯ್ನಿಂಗ್ ಬೋನಸ್ ಇದ್ರೆ ಎಷ್ಟು ತಿಂಗಳೊಳಗೆ ಬಿಟ್ರೆ ವಾಪಸ್ ಕೊಡ್ಬೇಕು ಅಂತ ನೋಡಿ. ಶೇರು ಕೊಟ್ರೆ ಸಾಮಾನ್ಯವಾಗಿ 4 ವರ್ಷಕ್ಕೆ ಹಂಚಿರ್ತಾರೆ, ಬಹಳ ಕಡೆ ಮೊದಲ ವರ್ಷ ತುಂಬೋವರೆಗೂ ಏನೂ ಕೈಗೆ ಬರಲ್ಲ. ತಿಂಗಳಿಗೆ ಬ್ಯಾಂಕಿಗೆ ಎಷ್ಟು ಬೀಳುತ್ತೆ ಅಂತ ಒಂದೇ ಪ್ರಶ್ನೆ ಕೇಳಿ, ಅದನ್ನ ಬರೆದು ಕೊಡಿ ಅನ್ನಿ. ಹಳೇ ಕಂಪನಿ ರಿಲೀವಿಂಗ್ ಲೆಟರ್, ಸಂಬಳದ ಸ್ಲಿಪ್, ಫಾರ್ಮ್ 16, ಪಿಎಫ್‌ನ ಯುಎಎನ್ ನಂಬರ್ ಎಲ್ಲಾ ಒಂದು ಫೋಲ್ಡರಲ್ಲಿ ಇಟ್ಕೊಳ್ಳಿ, ಬ್ಯಾಕ್‌ಗ್ರೌಂಡ್ ವೆರಿಫಿಕೇಶನಲ್ಲಿ ಸೇರಿದ ತಾರೀಕು ಒಂದು ದಿನ ಹೆಚ್ಚುಕಮ್ಮಿ ಇದ್ರೂ ಕೇಳ್ತಾರೆ.

ಚಾಂಪಿಯನ್_ರೀಫ್
ಬುಧವಾರ, ಬೆಳಗ್ಗೆ 9:15

ಲೋಕಲ್ ಅಣ್ಣ, ಈಗೇನು ಮಾಡ್ತಿದೀರ? ಬಿಟ್ಬಿಡ್ಬೇಡಿ. ನಂಗೆ 5 ತಿಂಗಳಾದ್ಮೇಲೆ ಸಿಕ್ತು, ಮೊದಲು ಕೊಡ್ಬೇಕಿದ್ದಕ್ಕಿಂತ ಸ್ವಲ್ಪ ಕಮ್ಮಿ, ಆದ್ರೆ ಟೀಮ್ ಒಳ್ಳೇದು.

ಬಂಗಾರಪೇಟೆ_ಲೋಕಲ್
ಬುಧವಾರ, ರಾತ್ರಿ 8:55

ಬಿಟ್ಟಿಲ್ಲ. ಹಂಗೆ ನೋಡಿದ್ರೆ ಇವತ್ತು ಇನ್ನೊಂದು ಕಂಪನಿಯಿಂದ ಫೋನ್ ಬಂತು, ಇದೂ ವೈಟ್‌ಫೀಲ್ಡ್ ಕಡೆನೇ. ಶಿಡ್ಲಘಟ್ಟದ ಅಕ್ಕ ಹೇಳಿದ ಪ್ರಶ್ನೆ ಎಲ್ಲಾ ಒಂದು ಚೀಟೀಲಿ ಬರೆದು ಜೇಬಲ್ಲಿ ಇಟ್ಟಿದ್ದೆ, ತೆಗೆದು ಒಂದೊಂದೇ ಕೇಳ್ದೆ. ಕೈ ನಡುಗ್ತಿತ್ತು, ಎಲ್ಲಿ ಬೇಡ ಅಂದ್ಬಿಡ್ತಾರೋ ಅಂತ. ಏನೂ ಅನ್ಲಿಲ್ಲ. 4 ರೌಂಡು, ಹೆಡ್‌ಕೌಂಟ್ ಅಪ್ರೂವ್ ಆಗಿದೆ, ಬಿಟ್ಟು ಹೋದೋರ ಜಾಗ, ಕೊನೇ ಎರಡು ರೌಂಡ್ ಒಂದೇ ದಿನ ಇಡ್ತೀವಿ ಅಂದ್ರು. ನಾನು ಮೇಲ್ ಹಾಕ್ದೆ, ಅವರು ಹೌದು ಅಂತ ಉತ್ತರ ಕೊಟ್ರು. ಮೊದಲನೇದು ಮುಂದಿನ ಬುಧವಾರ.

ನಿನ್ನೆ ರಾತ್ರಿ ಅಪ್ಪನಿಗೆ ಟ್ರೈನ್ ಪ್ರಶ್ನೆ ಹೇಳ್ದೆ. ಟಮಾಟ ಸಸಿ ಎಣಿಸ್ತಿದ್ರು, ನಡುವೆ ಒಂದೇ ಪ್ರಶ್ನೆ ಕೇಳಿದ್ರು, "ಒಂದು ಗಾಡಿ ಹೋಗೋ ಹೊತ್ತಿಗೆ ಸರಿಯಾಗಿ ಇನ್ನೊಂದು ಬಂದ್ರೆ?" ನಾನು ಸುಮ್ನಾದೆ. ನನ್ನ ಕೋಡಲ್ಲಿ ಅದನ್ನ ಯೋಚನೆನೇ ಮಾಡಿರ್ಲಿಲ್ಲ. 7:30ಕ್ಕೆ ಹೋಗೋದು, 7:30ಕ್ಕೇ ಬರೋದು, ಮೊದಲು ಯಾವುದನ್ನ ಎಣಿಸ್ಬೇಕು? ಅದರ ಮೇಲೆ ಉತ್ತರ ಬದಲಾಗುತ್ತೆ.

ಮಾಲೂರು_ಟೆಸ್ಟರ್
ಬುಧವಾರ, ರಾತ್ರಿ 9:10

ಅಪ್ಪನಿಗೆ ನನ್ನ ನಮಸ್ಕಾರ ಹೇಳಿ. ನಾವು ಟೆಸ್ಟರ್‌ಗಳು ಮೊದಲು ಹುಡುಕೋದೇ ಅದನ್ನ. ಇಂಟರ್‌ವ್ಯೂನಲ್ಲಿ ಇದನ್ನ ನೀವೇ ತಿರುಗಿ ಕೇಳಿ, ಅದೇ ಹೊತ್ತಿಗೆ ಬಂದ್ರೆ ಅದೇ ಪ್ಲಾಟ್‌ಫಾರ್ಮ್ ಕೊಡ್ಬಹುದಾ ಅಂತ. ಮೀಟಿಂಗ್ ರೂಮಿಗೆ ಸಾಮಾನ್ಯವಾಗಿ ಕೊಡ್ಬಹುದು ಅಂತಾರೆ, ಟ್ರೈನಿಗೆ ಕೊಡಂಗಿಲ್ಲ.

ಬಂಗಾರಪೇಟೆ_ಲೋಕಲ್
ಬುಧವಾರ, ರಾತ್ರಿ 9:14

ಅಕ್ಕ, ಕೇಳೋಕೆ ಸಂಕೋಚ. ಬುಧವಾರದೊಳಗೆ ಅಭ್ಯಾಸಕ್ಕೆ ಒಂದು ಸಲ ಮಾಕ್ ಇಂಟರ್‌ವ್ಯೂ ತಗೊಳ್ತೀರಾ? ನಾನೇ ಮಾಲೂರಿಗೆ ಬರ್ತೀನಿ.

ಮಾಲೂರು_ಟೆಸ್ಟರ್
ಬುಧವಾರ, ರಾತ್ರಿ 9:21

ಸಂಕೋಚ ಯಾಕೆ. ಭಾನುವಾರ ಬೆಳಗ್ಗೆ 10:30ಕ್ಕೆ ಬನ್ನಿ, ವಿಳಾಸ ಮೆಸೇಜ್ ಮಾಡ್ತೀನಿ. ಲ್ಯಾಪ್‌ಟಾಪ್ ಬೇಡ, ಬಿಳಿ ಹಾಳೆ ತನ್ನಿ. ಮೊದಲ ಅರ್ಧ ಗಂಟೆ ಕನ್ನಡ, ಆಮೇಲೆ ಅದೇ ಪ್ರಶ್ನೆ ಇಂಗ್ಲಿಷು. ನಮ್ಮತ್ತೆನೂ ಕೂತಿರ್ತಾರೆ.

ಚಿಂತಾಮಣಿ_ಫ್ರೆಶರ್
ಬುಧವಾರ, ರಾತ್ರಿ 9:25

ಅಕ್ಕ ನಾನೂ ಬರ್ಲಾ? ಮಾತಾಡಲ್ಲ, ಪಕ್ಕದಲ್ಲಿ ಕೂತು ಕೇಳ್ತೀನಿ ಅಷ್ಟೇ.

ಮಾಲೂರು_ಟೆಸ್ಟರ್
ಬುಧವಾರ, ರಾತ್ರಿ 9:27

ಬಾ. ಆದ್ರೆ ಮಾತಾಡ್ಬೇಕು.